ಕೇಬಲ್ ಕಳ್ಳರ ಲೆಕ್ಕ ಬರೆದ ನೋಟ್‌ಬುಕ್: ನನ್ನ ಅನುಭವ

ಹೋದ ಸೀಸನ್ನಿನಲ್ಲಿ ನಮ್ಮ ಸುತ್ತಿನ ನಾಲ್ಕು ಹಳ್ಳಿಯಲ್ಲಿ ಬೋರ್‌ವೆಲ್ ಕೇಬಲ್ ಕಟ್ ಆಗಿದ್ದು ಮೂರೇ ಮೂರು ಕಡೆ. ಅದರ ಹಿಂದಿನ ವರ್ಷ 37. ಲೆಕ್ಕ ನನ್ನದು, ಪೊಲೀಸರದ್ದಲ್ಲ. ನಾನು ನೋಟ್‌ಬುಕ್ ಹಿಡಿದು ತೋಟ ತೋಟ ಸುತ್ತುವಾಗ ಅರಳಿಕಟ್ಟೆ ಮೇಲೆ ಕೂತು "ಏನಪ್ಪ, ಕಳ್ಳರ ಜಾತಕ ಬರೀತಿದೀಯಾ?" ಅಂತ ನಕ್ಕವರಿದ್ದಾರೆ. ಅವರಲ್ಲೇ ಇಬ್ಬರು ಈಗ ಅದರ ಜೆರಾಕ್ಸ್ ಕೇಳಿಕೊಂಡು ಬಂದರು. ಕೊಟ್ಟೆ. ಎರಡು ಪುಟ ಬಿಟ್ಟು.

ನಮ್ಮದು ಚನ್ನಗಿರಿ ತಾಲ್ಲೂಕು, ಭದ್ರಾ ಅಚ್ಚುಕಟ್ಟಿನ ಅಂಚು. ಅಡಿಕೆ ಬೆಳೆಯುವವರಿಗೆ ಇಲ್ಲಿನ ಕಳ್ಳತನದ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ. ಒಂದು ಕ್ವಿಂಟಲ್ ಹಸಿ ಅಡಿಕೆ ಹೊತ್ತರೆ ಸುಲಿದು, ಬೇಯಿಸಿ, ಒಣಗಿಸಿದ ಮೇಲೆ ಕೈಗೆ ಸಿಗುವುದು 12-13 ಕೆಜಿ. ಅಷ್ಟು ಕಷ್ಟ ಕಳ್ಳನಿಗೆ ಯಾಕೆ? ಅವನು ಕಣದಲ್ಲಿ ಒಣಗಿದ ರಾಶಿ ಅಡಿಕೆಗೇ ಕಾಯುತ್ತಾನೆ. ಕ್ವಿಂಟಲಿಗೆ 50 ಸಾವಿರದ ಆಜುಬಾಜು ರೇಟ್ ಇದ್ದಾಗ ಒಂದು ಚೀಲ ಎತ್ತಿದರೂ 30 ಸಾವಿರದ ಮೇಲೆ. ಇದು ದೊಡ್ಡ ಕಳ್ಳತನ, ವರ್ಷಕ್ಕೆ ಒಂದೋ ಎರಡೋ. ದಿನಾ ಕಾಡುವುದು ಕೇಬಲ್. ಸ್ಟಾರ್ಟರ್ ಪೆಟ್ಟಿಗೆಯಿಂದ ಬೋರಿನ ಬಾಯಿವರೆಗಿನ ತುಂಡು ಕತ್ತರಿಸಿ, ಪ್ಲಾಸ್ಟಿಕ್ ಸುಟ್ಟು, ತಾಮ್ರ ಗುಜರಿಗೆ ಹಾಕುತ್ತಾರೆ. ಅವನಿಗೆ ಸಿಗುವುದು ಏಳೆಂಟು ನೂರು ಇರಬಹುದು. ನಮಗೆ ಕೇಬಲ್ಲು, ಮೆಕ್ಯಾನಿಕ್ ಕೂಲಿ ಸೇರಿ ನಾಲ್ಕೂವರೆ ಸಾವಿರ ಹೋಗುತ್ತದೆ. ಎರಡು ದಿನದ ನೀರು ಬೇರೆ.

ಎಲ್ಲರ ಹಾಗೆ ನಾನೂ ಕ್ಯಾಮೆರಾದಿಂದಲೇ ಶುರು ಮಾಡಿದೆ. 26 ಮನೆಯಿಂದ ಎತ್ತಿದ ಹಣ 65 ಸಾವಿರ ಚಿಲ್ಲರೆ. ಎಂಟು ಕ್ಯಾಮೆರಾ, ರೆಕಾರ್ಡ್ ಮಾಡುವ ಪೆಟ್ಟಿಗೆ ಅಂದರೆ ಒಂದು ಡಿವಿಆರ್, ನೋಡಲು ಒಂದು ಹಳೇ ಟಿವಿ. ಪೂಜೆ ಮಾಡಿ, ತೆಂಗಿನಕಾಯಿ ಒಡೆದು ಚಾಲೂ ಮಾಡಿದೆವು. ಮೊದಲ ಮಳೆಗೇ ಸಿಡಿಲು ಹೊಡೆದು ಮೂರು ಕ್ಯಾಮೆರಾ ಹೋದವು. ಉಳಿದವಕ್ಕೆ ಜೇಡದ ಕಾಟ. ರಾತ್ರಿ ಕ್ಯಾಮೆರಾದ ಬೆಳಕಿಗೆ ಹುಳ ಬರುತ್ತದೆ, ಹುಳ ತಿನ್ನಲು ಜೇಡ ಬಂದು ಬಲೆ ಕಟ್ಟುತ್ತದೆ. ಬೆಳಿಗ್ಗೆ ನೋಡಿದರೆ ಇಡೀ ರಾತ್ರಿ ರೆಕಾರ್ಡ್ ಆಗಿರುವುದು ಜೇಡನ ಕಾಲು. ಒಮ್ಮೆ ಮಾತ್ರ ಬೈಕ್ ಒಂದು ಸಿಕ್ಕಿತು. ನಂಬರ್ ಪ್ಲೇಟ್ ಇರುವ ಜಾಗದಲ್ಲಿ ಬರೀ ಬಿಳಿ ಚೌಕ. ಕ್ಯಾಮೆರಾದ ಬೆಳಕೇ ಪ್ಲೇಟಿಗೆ ಹೊಡೆದು ಅಕ್ಷರ ನುಂಗಿತ್ತು.

ಡಿವಿಆರ್ ಅನ್ನು ಎಲ್ಲರಿಗೂ ಕಾಣುವ ಹಾಗೆ ಸಮುದಾಯ ಭವನದಲ್ಲಿ ಇಟ್ಟಿದ್ದು ಇನ್ನೊಂದು ದಡ್ಡತನ. 2024ರ ಅಕ್ಟೋಬರ್‌ನಲ್ಲಿ ನಮ್ಮದೇ ಜಿಲ್ಲೆಯ ನ್ಯಾಮತಿಯಲ್ಲಿ ಬ್ಯಾಂಕಿಗೆ ನುಗ್ಗಿ 17 ಕೆಜಿಗೂ ಜಾಸ್ತಿ ಚಿನ್ನ ಹೊತ್ತವರು ಡಿವಿಆರ್ ಕೂಡ ಎತ್ತಿಕೊಂಡು ಹೋಗಿದ್ದರು, ಖಾರದ ಪುಡಿ ಬೇರೆ ಎರಚಿದ್ದರು. ಪೊಲೀಸರು ತಿಂಗಳುಗಟ್ಟಲೆ ಬೆನ್ನು ಹತ್ತಿ ಕೊನೆಗೆ ತಮಿಳುನಾಡಿನ ಒಂದು ಬಾವಿಯಿಂದ ಚಿನ್ನ ಮೇಲೆತ್ತಿದರು. ಆ ಸುದ್ದಿ ಓದಿದ ದಿನವೇ ನಮ್ಮ ಡಿವಿಆರ್ ಜಾಗ ಬದಲಾಯಿತು. ಎಲ್ಲಿಗೆ ಅಂತ ಕೇಳಬೇಡಿ.

ಆಮೇಲೆ ಒಬ್ಬ ಕಾವಲುಗಾರರನ್ನು ಇಟ್ಟೆವು. ತಿಂಗಳಿಗೆ 11 ಸಾವಿರ. ಪಾಪ, ಒಳ್ಳೆಯ ಮನುಷ್ಯ. ರಾತ್ರಿಯಿಡೀ ಸೀಟಿ ಊದುತ್ತಾ ತಿರುಗುತ್ತಿದ್ದರು. ಅವರು ಯಾವ ಕಡೆ ಇದ್ದಾರೆ ಅಂತ ಕಳ್ಳನಿಗೆ ತಿಳಿಯಲು ಇನ್ನೇನು ಬೇಕು? ನಾಲ್ಕು ತಿಂಗಳಿಗೆ ವಂತಿಗೆ ಕೊಡುವವರು 26ರಿಂದ ಒಂಬತ್ತಕ್ಕೆ ಇಳಿದರು. ಕೊನೆಯ ತಿಂಗಳ ಸಂಬಳ ನನ್ನ ಜೇಬಿನಿಂದಲೇ ಹೋಯಿತು. ಆ ಹಣ ಇನ್ನೂ ಬಂದಿಲ್ಲ.

ನೋಟ್‌ಬುಕ್ ಶುರುವಾಗಿದ್ದು ಒಂದು ಅವಮಾನದಿಂದ. ಒಂದು ಠಾಣೆಗೆ ದೂರು ಹಿಡಿದು ಹೋಗಿದ್ದೆವು. ಅಲ್ಲಿದ್ದ ಸಾಹೇಬರು ರಿಜಿಸ್ಟರ್ ತಿರುವಿ, "ನಿಮ್ಮ ಭಾಗದಲ್ಲಿ ವರ್ಷಕ್ಕೆ ಎರಡೇ ಕೇಸ್ ರೀ, ಇಡೀ ಊರು ಎತ್ತಿಕೊಂಡು ಹೋದ ಹಾಗೆ ಮಾತಾಡ್ತೀರಲ್ಲ" ಅಂದರು. ಸಿಟ್ಟು ಬಂತು. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ನಮ್ಮ ರಾಜ್ಯದ ನಿಯಮ ಗೊತ್ತಲ್ವಾ, ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ನನ್ನ ಮೊದಲ ಅರ್ಜಿ ಕಥೆಯ ಹಾಗೆ ಉದ್ದ ಇತ್ತು, ವಾಪಸ್ ಬಂತು. ಎರಡನೆಯದಕ್ಕೆ ಉತ್ತರ ಸಿಕ್ಕಿತು. ಸಾಹೇಬರು ಹೇಳಿದ್ದು ಸರಿಯಾಗೇ ಇತ್ತು. ಎಫ್‌ಐಆರ್ ಎರಡೇ.

ಆಗ ಮನೆ ಮನೆ ಕೇಳಲು ಹೊರಟೆ. ನಾಲ್ಕು ಹಳ್ಳಿಯಲ್ಲಿ ಸುಮಾರು 160 ಬೋರ್ ಇವೆ. ಎಲ್ಲ ಮುಗಿಸಲು ಒಂದೂವರೆ ತಿಂಗಳು ಹಿಡಿಯಿತು. 37 ಸಲ ಕೇಬಲ್ ಹೋಗಿತ್ತು, ಒಬ್ಬರದ್ದಂತೂ ಮೂರು ಸಲ. ಠಾಣೆಗೆ ಯಾಕೆ ಹೋಗಲಿಲ್ಲ ಅಂದರೆ ಒಂದೇ ಉತ್ತರ: "ನಾಲ್ಕು ಸಾವಿರದ ಕೇಬಲ್‌ಗೆ ಎರಡು ದಿನದ ಕೆಲಸ ಯಾರು ಕೆಡಿಸ್ಕೊಂತಾರೆ?" ಹೋದರೂ ಕಷ್ಟವೇ. 2024ರ ಜುಲೈ 1ರಿಂದ ಕಳ್ಳತನಕ್ಕಿದ್ದ ಹಳೇ ಐಪಿಸಿ 379 ಹೋಗಿ ಹೊಸ ಕಾನೂನಿನ (ಭಾರತೀಯ ನ್ಯಾಯ ಸಂಹಿತೆ) ಬಿಎನ್‌ಎಸ್ 303 ಬಂದಿದೆ. ಅದರಲ್ಲಿ ಐದು ಸಾವಿರಕ್ಕಿಂತ ಕಮ್ಮಿ ಬೆಲೆಯ ಕಳ್ಳತನಕ್ಕೆ ಬೇರೆ ದಾರಿ. ಮೊದಲ ಸಲ ಸಿಕ್ಕವನು ಮಾಲು ವಾಪಸ್ ಕೊಟ್ಟರೆ ಸಮುದಾಯ ಸೇವೆಯ ಶಿಕ್ಷೆ. ಇಂಥ ಸಣ್ಣ ದೂರು ಎಫ್‌ಐಆರ್ ಆಗದೆ ಎನ್‌ಸಿ (ಅಸಂಜ್ಞೇಯ ಅಪರಾಧದ) ಪುಸ್ತಕ ಸೇರುತ್ತದೆ, ನಮಗೊಂದು ಹಿಂಬರಹ ಸಿಗುತ್ತದೆ. ನಮ್ಮ ಕೇಬಲ್ ಬೆಲೆ ನೋಡಿ, ಸರಿಯಾಗಿ ಆ ಗೆರೆಯ ಕೆಳಗೇ ನಿಲ್ಲುತ್ತದೆ!

ಆದ್ದರಿಂದ ಜಿಲ್ಲೆಯಲ್ಲಿ ಅಪರಾಧ ಇಳಿಯಿತು, ಏರಿತು ಅಂತ ಪೇಪರಿನಲ್ಲಿ ಬಂದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ದೇಶದ ಅಪರಾಧದ ಲೆಕ್ಕ ಇಡುವ ಎನ್‌ಸಿಆರ್‌ಬಿ ಎಣಿಸುವುದು ದಾಖಲಾದ ಕೇಸನ್ನು. ಒಂದೇ ಎಫ್‌ಐಆರ್‌ನಲ್ಲಿ ನಾಲ್ಕು ಸೆಕ್ಷನ್ ಇದ್ದರೂ ಎಲ್ಲಕ್ಕಿಂತ ದೊಡ್ಡ ಶಿಕ್ಷೆಯ ಒಂದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಜನ ಧೈರ್ಯವಾಗಿ ದೂರು ಕೊಡುವ ಕಡೆ ಅಂಕಿ ಜಾಸ್ತಿ ಕಾಣುತ್ತದೆ, ಬಾಯಿ ಮುಚ್ಚಿಕೊಂಡಿರುವ ಕಡೆ ಕಮ್ಮಿ. ಹಳೆಯ ವರ್ಷಗಳ ಜೊತೆ ಹೋಲಿಸುವವರಿಗೆ ಇನ್ನೊಂದು ಗುಂಡಿ ಇದೆ. 1997ರವರೆಗೆ ಚನ್ನಗಿರಿ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ಆ ವರ್ಷ ದಾವಣಗೆರೆ ಜಿಲ್ಲೆ ಆಯಿತು, ನಾವು ಈ ಕಡೆ ಬಂದೆವು.

ಇನ್ನು ನಾನು ಮಾಡಿದ ದೊಡ್ಡ ತಪ್ಪು. ನೋಟ್‌ಬುಕ್ಕಿನಲ್ಲಿ ಮೊದಲು "ಅನುಮಾನ" ಅಂತ ಒಂದು ಕಾಲಂ ಹಾಕಿದ್ದೆ. ಯಾರನ್ನು ಕೇಳಿದರೂ ಅದೇ ಎರಡು ಮೂರು ಹೆಸರು, ಅದೇ ಒಂದು ಕೇರಿ, ಇಲ್ಲಾ ಅಂದರೆ ಅಡಿಕೆ ಕೊನೆ (ಗೊಂಚಲು) ಕೊಯ್ಯಲು ಹೊರಗಿಂದ ಬಂದವರು. ಒಂದು ಸಂಜೆ ನಾನು ಇಲ್ಲದಾಗ ಯಾರೋ ಆ ಪುಟ ಓದಿದ್ದಾರೆ. ರಾತ್ರಿ ಎಂಟು ಗಂಟೆಗೆ ಹದಿನೈದು ಜನ ಒಬ್ಬನ ಮನೆ ಮುಂದೆ ನಿಂತಿದ್ದರು. ಅವನ ಹಿತ್ತಲಲ್ಲಿ ವೈರ್ ಸುಟ್ಟ ಬೂದಿ ಸಿಕ್ಕಿತ್ತು, ಅದೇ ಸಾಕ್ಷಿ. ಸುಟ್ಟುಹೋದ ಸ್ವಂತ ಮೋಟರಿನ ವೈರ್ ಅದು. ರೀವೈಂಡಿಂಗ್ ಅಂಗಡಿಯ ಬಿಲ್ ತಂದು ತೋರಿಸುವಷ್ಟರಲ್ಲಿ ಅವನ ತಾಯಿ ನನ್ನ ಕಾಲು ಹಿಡಿದಿದ್ದರು. ವಯಸ್ಸಿನಲ್ಲಿ ನನ್ನ ಅಮ್ಮನಿಗಿಂತ ದೊಡ್ಡವರು. ಆ ಪುಟ ಅಲ್ಲೇ ಹರಿದೆ. ಆಮೇಲೆ ನೋಟ್‌ಬುಕ್ಕಿನಲ್ಲಿ ಒಬ್ಬ ಮನುಷ್ಯನ ಹೆಸರೂ ಬರೆದಿಲ್ಲ. ಅವನು ಈಗಲೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ. ತಪ್ಪು ನನ್ನದೇ.

ಉಳಿದ ಕಾಲಂಗಳು ಇವು. ಯಾವ ರಾತ್ರಿ ಹೋಯಿತು, ನಾಯಿ ಎಷ್ಟೊತ್ತಿಗೆ ಬೊಗಳಿತು, ಹೆಜ್ಜೆ ಯಾವ ಕಡೆ ಹೋಗಿತ್ತು, ಆ ವಾರ ಪಂಪಿನ ತ್ರೀ ಫೇಸ್ ಕರೆಂಟ್ ಯಾವಾಗ, ಚಾನಲ್‌ನಲ್ಲಿ (ನಮ್ಮ ನೀರಾವರಿ ಕಾಲುವೆ) ನೀರಿತ್ತೋ ಇಲ್ಲವೋ. ಕೊನೆಯ ಎರಡು ಕಾಲಂ ಸುಮ್ನೆ ಹಾಕಿದ್ದೆ. ಗುಟ್ಟು ಬಿಟ್ಟುಕೊಟ್ಟಿದ್ದು ಅವೇ.

ನಮಗೆ ಪಂಪ್‌ಸೆಟ್‌ಗೆ ದಿನಕ್ಕೆ ಏಳು ಗಂಟೆ ತ್ರೀ ಫೇಸ್, ಪಾಳಿ ಪ್ರಕಾರ ಒಮ್ಮೆ ಹಗಲು, ಒಮ್ಮೆ ರಾತ್ರಿ. 37ರಲ್ಲಿ ಮೂವತ್ತರ ಹತ್ತಿರ ಆಗಿದ್ದು ಹಗಲು ಪಾಳಿಯ ವಾರದಲ್ಲಿ. ಯೋಚನೆ ಮಾಡಿದರೆ ಸರಿ ಅಲ್ವಾ? ರಾತ್ರಿ ಪಾಳಿ ಇದ್ದರೆ ಲೈನ್ ಜೀವಂತ, ಕತ್ತರಿ ಹಾಕಲು ಭಯ. ನೀರು ಕಟ್ಟಲು ರೈತನೂ ತೋಟದಲ್ಲೇ ಇರುತ್ತಾನೆ. ಹಗಲು ಪಾಳಿಯಲ್ಲಿ ರಾತ್ರಿ ತೋಟ ಖಾಲಿ, ವೈರ್ ಸತ್ತಿರುತ್ತದೆ. ಎರಡನೆಯದು ಚಾನಲ್. ನೀರು ಹರಿಯುವಾಗ ತೋಟದ ಹಿಂಬದಿಯಿಂದ ಏರಿ ರಸ್ತೆಗೆ ದಾಟಲು ಆಗುವುದಿಲ್ಲ, ಸೇತುವೆಗೇ ಬರಬೇಕು. ನೀರು ನಿಂತಾಗ ಎಲ್ಲಿ ಬೇಕಾದರೂ ಇಳಿದು ಹತ್ತಬಹುದು. ಎರಡೂ ಒಟ್ಟಿಗೆ ಬೀಳುವ ರಾತ್ರಿಗಳು ವರ್ಷಕ್ಕೆ ಎಪ್ಪತ್ತರ ಆಸುಪಾಸು. ನಾವು ಎಲ್ಲ ರಾತ್ರಿಗೂ ಕಾವಲುಗಾರರನ್ನು ಇಟ್ಟು ದುಡ್ಡು ಸುರಿದಿದ್ದೆವು!

ಹೊತ್ತು ಕೂಡ ಸಿಕ್ಕಿತು. ನಾಯಿ ಬೊಗಳಿದ್ದು ಹೆಚ್ಚಾಗಿ ಎರಡೂವರೆಯಿಂದ ನಾಲ್ಕೂವರೆ ಒಳಗೆ. ಗಸ್ತು ತಿರುಗುವ ಬೀಟ್ ಪೊಲೀಸರು ಗುಡಿ ಹತ್ತಿರದ ಪುಸ್ತಕಕ್ಕೆ ಸಹಿ ಹಾಕಿ ಹೋಗುತ್ತಿದ್ದುದು ಹನ್ನೆರಡರ ಒಳಗೆ.

ನಡುವೆ ಮಾಡಿದ ಹುಚ್ಚಾಟಗಳನ್ನೂ ಹೇಳಿಬಿಡುತ್ತೇನೆ. ಗಿನಿ ಕೋಳಿ ಹತ್ತು ತಂದೆ, ಒಂದಕ್ಕೆ 400. ಕಳ್ಳ ಬಂದರೆ ಕಿರುಚುತ್ತವೆ ಅಂದಿದ್ದರು. ಕಿರುಚುತ್ತವೆ, ನಿಜ. ಮುಂಗುಸಿ ಬಂದರೂ, ಹಾಲಿನ ವ್ಯಾನ್ ಬಂದರೂ, ನಮ್ಮ ಅತ್ತೆ ಬಂದರೂ ಕಿರುಚುತ್ತವೆ. ಎಂಟು ಕೋಳಿ ನಾಯಿಗಳ ಬಾಯಿಗೆ ಹೋದವು. ಮೇಲಿನ ತುಂಡಿಗೆ ತಾಮ್ರದ ಬದಲು ಅಲ್ಯೂಮಿನಿಯಂ ಹಾಕಿದರೆ ಕಳ್ಳ ಮುಟ್ಟಲ್ಲ ಅಂತ ಇಬ್ಬರು ಹಾಕಿದರು. ಕಳ್ಳ ಮುಟ್ಟಲಿಲ್ಲ. ಆದರೆ ಜಾಯಿಂಟ್ ಬಿಸಿಯಾಗಿ ಒಬ್ಬರ ಮೋಟರ್ ಸುಟ್ಟಿತು, ಎಂಟು ಸಾವಿರ ಖರ್ಚು.

ಎಲ್ಲಕ್ಕಿಂತ ಮಜಾ ಟ್ರ್ಯಾಕರ್‌ದು. 2,800 ಕೊಟ್ಟು ಜಿಪಿಎಸ್ ತರಿಸಿ ಒಂದು ಅಡಿಕೆ ಚೀಲದ ಹೊಟ್ಟೆಯಲ್ಲಿ ಹೂತಿಟ್ಟೆ. ಹದಿನೈದು ದಿನದ ಮೇಲೆ ಮಧ್ಯಾಹ್ನ ಫೋನ್ ಕಿರುಚಿತು, ಚೀಲ ಚಲಿಸುತ್ತಿದೆ! ಜೀಪಿನಲ್ಲಿ ಆರು ಜನ ಹತ್ತಿ ಶಿವಮೊಗ್ಗ ರಸ್ತೆಯಲ್ಲಿ ಬೆನ್ನಟ್ಟಿದೆವು. ಹಿಡಿದಾಗ ಅದು ನಮ್ಮದೇ ಅಡಿಕೆ ಹೊತ್ತ ವ್ಯಾಪಾರಿಯ ಲಾರಿ. ನಾನಿಲ್ಲದಾಗ ನನ್ನ ಹೆಂಡತಿ ಒಳ್ಳೆ ರೇಟಿಗೆ ಮಾರಿದ್ದಳು. ನನಗಿಂತ 700 ರೂಪಾಯಿ ಜಾಸ್ತಿಗೇ ಮಾರಿದ್ದಳು, ಅದು ಬೇರೆ ಮಾತು.

ಪೊಲೀಸ್ ನಾಯಿ ಕರೆಸಿ ಅನ್ನುವವರೂ ಇದ್ದರು. 2020ರಲ್ಲಿ ದಾವಣಗೆರೆ ಪೊಲೀಸರ ಡಾಬರ್‌ಮನ್ ತುಂಗಾ ಕೊಲೆ ಕೇಸೊಂದರಲ್ಲಿ ಹತ್ತು ಕಿಲೋಮೀಟರಿಗೂ ಜಾಸ್ತಿ ಓಡಿ ಆರೋಪಿ ಇದ್ದ ಕಡೆಗೇ ಹೋಗಿ ನಿಂತಿತ್ತು, ಅದೂ ನಮ್ಮ ತಾಲ್ಲೂಕಿನಲ್ಲೇ. ಹೆಮ್ಮೆಯ ವಿಷಯವೇ. ಆದರೆ ನಾಲ್ಕು ಸಾವಿರದ ಕೇಬಲ್ಲಿಗೆ ಅಂಥ ನಾಯಿ ಬರುತ್ತದಾ?

ಕೊನೆಗೆ ನಾನು ಮಾಡಿದ್ದು ಇಷ್ಟೇ. ನಾಲ್ಕು ಹಳ್ಳಿಯ ನಕ್ಷೆಗೆ 37 ಚುಕ್ಕಿ ಇಟ್ಟು, ಪಾಳಿಯ ಪಟ್ಟಿ ಅಂಟಿಸಿ ಮತ್ತೆ ಅದೇ ಠಾಣೆಗೆ ಹೋದೆ. ಈ ಸಲ ಜಗಳಕ್ಕಲ್ಲ. ಅಲ್ಲಿನ ಒಬ್ಬ ದಫೇದಾರರು ಅರ್ಧ ಗಂಟೆ ನೋಡಿ, "ಇದರ ಒಂದು ಕಾಪಿ ಕೊಡಿ" ಅಂದರು. ಮರುವಾರವೇ ಬೀಟ್ ಪುಸ್ತಕ ಗುಡಿಯಿಂದ ಚಾನಲ್ ಸೇತುವೆಗೆ ಬಂತು, ಸಹಿಯ ಹೊತ್ತು ಮೂರು ಗಂಟೆಗೆ ಹೋಯಿತು. ಆ ಎಪ್ಪತ್ತು ರಾತ್ರಿ ಮಾತ್ರ ನಾವು ಇಬ್ಬಿಬ್ಬರು ಪಾಳಿಯಲ್ಲಿ ಎದ್ದೆವು. ಸೀಟಿ ಇಲ್ಲ, ಟಾರ್ಚ್ ಇಲ್ಲ. ಯಾರನ್ನೂ ಮುಟ್ಟುವ ಹಾಗಿಲ್ಲ, 112ಕ್ಕೆ ಫೋನ್ ಅಷ್ಟೇ. ಬದುಕಿದ್ದ ಕ್ಯಾಮೆರಾಗಳಲ್ಲಿ ಒಂದನ್ನು ಸೇತುವೆ ಹತ್ತಿರದ ಹಂಪ್‌ಗೆ ತಂದೆ. ಅಲ್ಲಿ ಎಂಥ ಬೈಕೂ ನಿಧಾನ ಆಗಲೇಬೇಕು. ಪ್ಲೇಟ್ ಬಿಳಿ ಚೌಕ ಆಗದ ಹಾಗೆ ಯಾವ ಎತ್ತರಕ್ಕೆ, ಎಷ್ಟು ಓರೆಯಾಗಿ ಕಟ್ಟಿದೆ ಅನ್ನುವುದು ಆ ಬಿಟ್ಟ ಎರಡು ಪುಟದಲ್ಲಿದೆ. ಎರಡು ದಿನಕ್ಕೊಮ್ಮೆ ಬಟ್ಟೆಯಲ್ಲಿ ಜೇಡನ ಬಲೆ ಒರೆಸುವುದನ್ನು ಮಾತ್ರ ಹೇಳುತ್ತೇನೆ.

ಮೂರನೇ ವಾರದಲ್ಲಿ ನಂಬರ್ ಸಿಕ್ಕಿತು. ಅದೇ ರಾತ್ರಿ ಮೂರು ತೋಟದಲ್ಲಿ ಕೇಬಲ್ ಹೋಗಿತ್ತು. ಮೂವರೂ ಬಿಲ್ ಸಮೇತ ಸೇರಿ ಒಂದೇ ದೂರು ಕೊಟ್ಟೆವು. ಮೊತ್ತ ಐದು ಸಾವಿರ ದಾಟಿತು, ಎಫ್‌ಐಆರ್ ಆಯಿತು. ಸಿಕ್ಕ ಇಬ್ಬರೂ ನಮ್ಮ ತಾಲ್ಲೂಕಿನವರೇ ಅಲ್ಲ. ಕೇಸ್ ಕೋರ್ಟಿನಲ್ಲಿದೆ, ಅದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಹೋದ ಸೀಸನ್ನಿನ ಮೂರು ಕಳ್ಳತನ ಅಂದರೆ ಆ ಒಂದು ರಾತ್ರಿಯವೇ.

ಖರ್ಚಿನ ಲೆಕ್ಕ: ದಂಡ ಹೋಗಿದ್ದು ಹೆಚ್ಚು ಕಮ್ಮಿ ಒಂದು ಲಕ್ಷದ ಹದಿನೈದು ಸಾವಿರ. ಕೆಲಸಕ್ಕೆ ಬಂದದ್ದಕ್ಕೆ ನೋಟ್‌ಬುಕ್ 40 ರೂಪಾಯಿ, ಜೆರಾಕ್ಸು, ವರ್ಷದ ಚಹಾ, ಮೆಣಸಿನಕಾಯಿ ಬಜ್ಜಿ, ಮಂಡಕ್ಕಿ ಸೇರಿ ಆರು ಸಾವಿರ. ಬಜ್ಜಿಯದ್ದೇ ಜಾಸ್ತಿ.

ದೂರದ ತೋಟದಲ್ಲಿ ಮರದಿಂದಲೇ ಕೊನೆ ಇಳಿಸಿಕೊಂಡು ಹೋಗುವುದಕ್ಕೆ ನನ್ನ ಹತ್ತಿರ ಇನ್ನೂ ಉಪಾಯ ಇಲ್ಲ. ಅಂಥದ್ದು ಹೋದ ವರ್ಷ ಎರಡು ಆಯಿತು. ಅದಕ್ಕೆ ಪಾಳಿಯೂ ಇಲ್ಲ, ಚಾನಲ್ಲೂ ಇಲ್ಲ.

ಮೊನ್ನೆ ಪಕ್ಕದ ಹೋಬಳಿಯಿಂದ ನಮ್ಮ ಭಾವ ಫೋನ್ ಮಾಡಿದ್ದರು. ಅವರ ಕೇಬಲ್ ಹೋಗಿದೆ, ಅವರ ಊರಿನಲ್ಲಿ ಈ ವರ್ಷ ಹನ್ನೊಂದನೆಯದಂತೆ. "ನಿಮ್ಮೂರಿಂದ ಓಡಿಸಿ ನಮ್ಮೂರಿಗೆ ಕಳಿಸಿದ್ರಲ್ಲ ಮಾರಾಯ್ರೆ" ಅಂದರು. ನಗುತ್ತಲೇ ಅಂದರು, ಆದರೂ ಚುಚ್ಚಿತು. ಸಂಜೆಯ ಬಸ್ಸಿನ ಡ್ರೈವರ್ ಕೈಯಲ್ಲಿ ಜೆರಾಕ್ಸ್ ಕೊಟ್ಟು ಕಳಿಸಿದೆ. ಈ ಸಲ ಆ ಎರಡು ಪುಟವನ್ನೂ ಸೇರಿಸಿ.