ಶೇಂಗಾ ಎಲೆ ಮಡಚಿದಾಗ ಏನು ಮಾಡಬೇಕು?

ಮೋಡ ಕಟ್ಟುತ್ತದೆ, ಗಾಳಿ ಬೀಸುತ್ತದೆ, ಹನಿ ಮಾತ್ರ ಬೀಳುವುದಿಲ್ಲ. ಚಳ್ಳಕೆರೆ, ಪಾವಗಡ, ಶಿರಾ ಕಡೆಯ ಶೇಂಗಾ ರೈತರಿಗೆ ಈ ಸಂಕಟ ಹೊಸದಲ್ಲ. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯೇ ರಾಜ್ಯದಲ್ಲಿ ತೀರಾ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ಮಳೆ ತರಿಸುವುದು ನಮ್ಮ ಕೈಲಿಲ್ಲ. ಆದರೆ ಯಾವ ಹಂತದ ಬರವನ್ನು ಗಿಡ ತಡೆದುಕೊಳ್ಳುತ್ತದೆ, ಯಾವುದನ್ನು ತಡೆಯಲಾರದು ಎಂಬುದು ಗೊತ್ತಿದ್ದರೆ ಕೃಷಿ ಹೊಂಡದಲ್ಲಿರುವ ನೀರನ್ನು ಯಾವತ್ತು ಬಿಡಬೇಕೆಂದು ತೀರ್ಮಾನಿಸಬಹುದು.

1. ಎಲೆಯನ್ನು ಬೆಳಿಗ್ಗೆ ನೋಡಿ

ಮಧ್ಯಾಹ್ನ ಎರಡು ಗಂಟೆಗೆ ಹೊಲಕ್ಕೆ ಹೋದರೆ ಎದೆ ಧಸಕ್ಕೆನ್ನುತ್ತದೆ. ಒಂದೊಂದು ಎಲೆಯಲ್ಲೂ ಇರುವ ನಾಲ್ಕು ಎಲೆದಳಗಳು ಕೈಮುಗಿದಂತೆ ಜೋಡಿಯಾಗಿ ನಿಂತಿರುತ್ತವೆ. ಅದು ಗಿಡ ಸೋತ ಗುರುತಲ್ಲ. ಬಿಸಿಲಿಗೆ ಎಲೆಯ ಮುಖ ಕೊಡದೆ ಅಂಚನ್ನಷ್ಟೇ ಒಡ್ಡಿ ಅದು ಕಾವನ್ನೂ ನೀರಿನ ಖರ್ಚನ್ನೂ ತಗ್ಗಿಸಿಕೊಳ್ಳುತ್ತಿದೆ. ಎಲೆಯ ರಂಧ್ರಗಳೂ ಆಗ ಮುಚ್ಚಿಕೊಳ್ಳುತ್ತವೆ. ರಾತ್ರಿ ಹೇಗೂ ಶೇಂಗಾ ಎಲೆ ಮಡಚುತ್ತದೆ. ಆದ್ದರಿಂದ ಬೆಳಿಗ್ಗೆ ಎಂಟರ ಹೊತ್ತಿಗೆ ನೋಡಿ. ಬಿಸಿಲೇರಿದರೂ ಎಲೆ ಬಿಚ್ಚದೆ, ಬಣ್ಣ ಮಂಕಾಗಿದ್ದರೆ ಬೇರಿಗೆ ನೀರು ಸಿಗುತ್ತಿಲ್ಲ ಎಂದರ್ಥ.

2. ಬಿತ್ತಿದ ದಿನದಿಂದ ಎಣಿಸಿ

ಹೂ ಕಾಣುವುದು ಸುಮಾರು 25ರಿಂದ 30 ದಿನಕ್ಕೆ. ಅದಕ್ಕೂ ಮೊದಲು ಬರುವ ಸಣ್ಣ ಬರಕ್ಕೆ ಹೆದರಬೇಡಿ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯ ಪ್ರಯೋಗಗಳಲ್ಲಿ, ಹೂ ಬಿಡುವ ಮೊದಲು ತುಸು ಒಣಗಿ ಆಮೇಲೆ ನೀರು ಕಂಡ ಬೆಳೆ ಹೆಚ್ಚೇ ಕಾಯಿ ಕೊಟ್ಟದ್ದುಂಟು. ಸೊಪ್ಪು ಮಿತಿಯಲ್ಲಿರುತ್ತದೆ, ನೀರು ಸಿಕ್ಕೊಡನೆ ಹೂವು ಒಟ್ಟಿಗೆ ಬರುತ್ತದೆ. ಈ ಹಂತದಲ್ಲಿ ಹೊಂಡದ ನೀರು ಮುಟ್ಟದಿರುವುದೇ ಜಾಣತನ.

ಬದಲಿಗೆ ಎಡೆಕುಂಟೆ ಹೊಡೆಯಿರಿ. ಕಳೆ ಹೋಗುತ್ತದೆ, ಮೇಲಿನ ಪುಡಿಮಣ್ಣು ಕೆಳಗಿನ ಹಸಿ ಆರದಂತೆ ಕಾಯುತ್ತದೆ. ಇಳಿಜಾರಿಗೆ ಅಡ್ಡವಾಗಿ ಅಲ್ಲಲ್ಲಿ ಸಾಲು ತೆಗೆದಿಟ್ಟರೆ ಮುಂದೆ ಬೀಳುವ ಮಳೆ ಅಲ್ಲೇ ಇಂಗುತ್ತದೆ.

3. ಊಡು ಇಳಿಯುವಾಗ ನೀರು ಕೊಡಿ

ಕೈತಪ್ಪಬಾರದ ಹಂತ ಇದು. ಉಳಿದ ಎಣ್ಣೆಕಾಳುಗಳಿಗಿಲ್ಲದ ಕಷ್ಟ ಶೇಂಗಾಕ್ಕಿದೆ: ಹೂವು ಮಣ್ಣಿನ ಮೇಲೆ, ಕಾಯಿ ಮಣ್ಣಿನೊಳಗೆ. ಫಲಗಟ್ಟಿದ ಹೂವಿನ ಬುಡದಿಂದ ಸೂಜಿಯಂಥ ಊಡು ಹೊರಟು ನೆಲ ಹುಡುಕುತ್ತದೆ. ಒಂದು ಗಿಡದ ಕೊಂಬೆ ಎತ್ತಿ ನೋಡಿ. ಕೆನ್ನೇರಳೆ ಬಣ್ಣದ ಹತ್ತಾರು ಊಡು ನೇತಾಡುತ್ತಿದ್ದು, ನೆಲ ಮುಟ್ಟಿದವುಗಳ ತುದಿ ಕಂದಿ ಒಣಗಿದ್ದರೆ, ಗಟ್ಟಿಯಾದ ಕೆಂಪುಮಣ್ಣಿನ ಹೆಪ್ಪು ಅವನ್ನು ಒಳಗೆ ಬಿಟ್ಟುಕೊಂಡಿಲ್ಲ. ಆಳದ ಬೇರಿಗೆ ತೇವ ಸಿಗುತ್ತಿದ್ದರೂ ಮೇಲಿನ ಎರಡು ಅಂಗುಲ ಒಣಗಿದ್ದರೆ ಕಾಯಿ ಕಟ್ಟದು. ತುಂತುರು ನೀರಾವರಿಯ ಒಂದೇ ಒಂದು ಸರದಿ ಈಗ ಕೊಟ್ಟರೂ ಬೆಳೆ ಕೈಗೆ ಬರುತ್ತದೆ. ಇನ್ನೊಂದಕ್ಕೆ ನೀರಿದ್ದರೆ ಕಾಳು ತುಂಬುವಾಗ ಕೊಡಿ. ಊಡು ಇಳಿಯಲು ಶುರುವಾದ ಮೇಲೆ ಕುಂಟೆ ಬೇಡ, ಇಳಿದ ಊಡು ಕಿತ್ತುಹೋಗುತ್ತದೆ.

4. ಜಿಪ್ಸಂ ಮರೆಯಬೇಡಿ

ಬರದ ವರ್ಷ ಜೊಳ್ಳುಕಾಯಿ ಜಾಸ್ತಿ ಏಕೆ? ಕಾಳು ತುಂಬಲು ಸುಣ್ಣದಂಶ ಬೇಕು. ಬೇರು ಹೀರಿದ ಸುಣ್ಣ ಎಲೆಗೆ ಹೋಗುತ್ತದೆ, ಅಲ್ಲಿಂದ ಕಾಯಿಗೆ ಇಳಿಯುವುದಿಲ್ಲ. ಹಾಗಾಗಿ ಕಾಯಿ ತನ್ನ ಸಿಪ್ಪೆಯ ಮೂಲಕವೇ ಸುತ್ತಲಿನ ಮಣ್ಣಿನಿಂದ ಅದನ್ನು ಹೀರಿಕೊಳ್ಳಬೇಕು, ಅದಕ್ಕೆ ಮಣ್ಣು ಹಸಿಯಾಗಿರಬೇಕು. ಈ ಸುಣ್ಣದಂಶ ಕೊಡುವ ಜಿಪ್ಸಂ ಅನ್ನು ಎಕರೆಗೆ 200 ಕೆ.ಜಿ.ಯಂತೆ 30–35ನೇ ದಿನ, ಕೊನೆಯ ಕುಂಟೆಯ ಜೊತೆ ಗಿಡದ ಬುಡಕ್ಕೆ ಹಾಕಿ ಮಣ್ಣು ಏರಿಸಿ. ತೇವ ಇದ್ದಾಗಲೇ ಹಾಕಿದರೆ ಒಳ್ಳೆಯದು.

5. ಮುಂದಿನ ಹಂಗಾಮಿಗೆ

ಬೇಗ ಕೊಯ್ಲಿಗೆ ಬರುವ ತಳಿ ಕೊನೆಯ ಬರದಿಂದ ತಪ್ಪಿಸಿಕೊಳ್ಳುತ್ತದೆ. ಅನಂತಪುರದ ಒಣಭೂಮಿಯಲ್ಲಿ ಹೆಸರು ಮಾಡಿದ ಐಸಿಜಿವಿ 91114 ಅಂಥದ್ದು. ಶೇಂಗಾ ನಡುವೆ ಬೇರೆ ಬೆಳೆ ಬಿತ್ತುವ ಅಕ್ಕಡಿ ಸಾಲನ್ನಂತೂ ಬಿಡಬೇಡಿ. ತೊಗರಿ, ಹರಳು ಆಳಕ್ಕೆ ಬೇರು ಬಿಡುವ ಬೆಳೆಗಳು. ಶೇಂಗಾ ಕೈಕೊಟ್ಟ ವರ್ಷವೂ ತಡವಾಗಿ ಬಂದ ಮಳೆಗೆ ಅವು ಚಿಗುರುತ್ತವೆ. ಬರೀ ಶೇಂಗಾ ಬಿತ್ತುವ ಚಾಳಿ ಹೆಚ್ಚಿದ್ದು ನಮ್ಮ ಭಾಗಕ್ಕೆ ಆದ ದೊಡ್ಡ ನಷ್ಟ ಎಂದೇ ನನ್ನ ಅನಿಸಿಕೆ.

6. ಕೊಯ್ಲಿನಲ್ಲಿ ಎಚ್ಚರ

ಕೊನೆಯ ಮೂರ್ನಾಲ್ಕು ವಾರ ಒಣ ಹೋದ ಬೆಳೆಯಲ್ಲಿ ಆಸ್ಪರ್ಜಿಲ್ಲಸ್ ಎಂಬ ಬೂಷ್ಟು ಕಾಯಿಯೊಳಗೆ ಸೇರಿಕೊಂಡು ಅಫ್ಲಾಟಾಕ್ಸಿನ್ ಎಂಬ ವಿಷ ಉಂಟುಮಾಡುತ್ತದೆ. ಕಿತ್ತ ಗಿಡವನ್ನು ಕಾಯಿ ಮೇಲೆ ಬರುವಂತೆ ತಿರುಗಿಸಿ ಒಣಗಿಸಿ. ಅಲ್ಲಾಡಿಸಿದರೆ ಕಾಳು ಗಲಗಲ ಎನ್ನಬೇಕು. ಒಡೆದ, ಹುಳು ಕೊರೆದ, ಸುಕ್ಕುಗಟ್ಟಿದ ಕಾಯಿ ಬೇರೆ ಮಾಡಿ. ಸುಲಿಯಲು ಸುಲಭವೆಂದು ನೀರು ಚಿಮುಕಿಸಬೇಡಿ. ಬೂಷ್ಟು ಹಿಡಿದ ಕಾಳಿನ ಹಿಂಡಿಯನ್ನು ಹಸುವಿಗೂ ಹಾಕಬೇಡಿ, ಆ ವಿಷ ಹಾಲಿನ ಮೂಲಕ ಮನೆಯ ಮಕ್ಕಳ ಲೋಟಕ್ಕೇ ಬರುತ್ತದೆ.