ಕಾರ್ ಸ್ಟೀರಿಯೋ ಆನ್ ಆಗದಿದ್ದರೆ: ಹೊಸ ಸೆಟ್ ಕೊಳ್ಳುವ ಮೊದಲು ಮೂರು ವೈರ್ ನೋಡಿ

ಕೀ ತಿರುಗಿಸಿದರೂ ಸ್ಕ್ರೀನ್ ಕಪ್ಪಗೇ ಉಳಿದರೆ ಬಹುತೇಕರು ‘ಸೆಟ್ ಹೋಯ್ತು’ ಎಂದು ತೀರ್ಮಾನಿಸಿಬಿಡುತ್ತಾರೆ. ಆದರೆ ಸೆಟ್ ಸರಿಯಿದ್ದು, ಅದಕ್ಕೆ ಕರೆಂಟ್ ತಲುಪದೇ ಇರುವುದೇ ಹೆಚ್ಚು. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಬಿಸಿಲು, ಧೂಳು, ಇಲಿ ಮೂರೂ ಸೇರಿ ವೈರಿಂಗ್ ಕೆಡಿಸುತ್ತವೆ. ಹಾಗಾಗಿ ಮೊದಲು ವೈರ್, ಆಮೇಲೆ ಸೆಟ್.

ಬಿಚ್ಚುವ ಮುಂಚೆ ಸುಲಭದವನ್ನು ಮುಗಿಸಿಕೊಳ್ಳಿ. ಕೀ ಎಸಿಸಿ (ಇಂಜಿನ್ ಸ್ಟಾರ್ಟ್ ಆಗದೆ ಸ್ಟೀರಿಯೋಗೆ ಕರೆಂಟ್ ಸಿಗುವ) ಸ್ಥಾನಕ್ಕೆ ಬಂದಿದೆಯೇ ನೋಡಿ. ಬಟನ್ ಸ್ಟಾರ್ಟ್ ಗಾಡಿಯಾದರೆ ಬ್ರೇಕ್ ತುಳಿಯದೆ ಒಮ್ಮೆ ಒತ್ತಿದರೆ ಸಾಮಾನ್ಯವಾಗಿ ಎಸಿಸಿ ಬರುತ್ತದೆ. ಹಾಡು ಕೇಳುತ್ತಿದ್ದು ಸ್ಕ್ರೀನ್ ಮಾತ್ರ ಕಾಣದಿದ್ದರೆ ಅದು ಬ್ರೈಟ್‌ನೆಸ್ ಅಥವಾ ಡಿಸ್‌ಪ್ಲೇ ತೊಂದರೆ, ಕರೆಂಟಿನದಲ್ಲ. ಸೆಟ್ ಮುಂದೆ ‘ಆರ್‌ಎಸ್‌ಟಿ’ (ರೀಸೆಟ್) ಎಂದು ಬರೆದ ಸಣ್ಣ ತೂತಿದ್ದರೆ ಪಿನ್ನಿನಿಂದ ಐದಾರು ಸೆಕೆಂಡ್ ಒತ್ತಿ ಹಿಡಿಯಿರಿ. ಮುಂಭಾಗ ಕಳಚಿ ಬರುವ ಸೆಟ್ ಆದರೆ ಹಿಂದಿನ ಪಿನ್‌ಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಸಂಡೂರಿನ ಅದಿರು ಧೂಳಿನಲ್ಲಿ ಓಡಾಡುವ ಗಾಡಿಗಳಲ್ಲಿ ಇಷ್ಟಕ್ಕೇ ಸರಿಹೋಗುವುದುಂಟು. ಮಧ್ಯಾಹ್ನ ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಮಾತ್ರ ಸತ್ತು, ಬೆಳಿಗ್ಗೆ ಸರಿಯಾಗಿ ನಡೆಯುವ ಸೆಟ್ ಕಾವಿಗೆ ಬಂದ್ ಆಗುತ್ತಿದೆ ಎಂದು ಶಂಕಿಸಿ.

ಬ್ಯಾಟರಿಯನ್ನೂ ಅಳೆಯಿರಿ. ಇಂಜಿನ್ ಬಂದ್ ಇದ್ದಾಗ ಸುಮಾರು 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2 ಇದ್ದರೆ ಅರ್ಧ. 11.8ಕ್ಕಿಂತ ಕಡಿಮೆಯಾದರೆ ಮೊದಲು ಅದನ್ನು ಚಾರ್ಜ್ ಮಾಡಿಸಿ.

ಈಗ ಫ್ಯೂಸ್. ಸ್ಟೀರಿಯೋಗೆ ಕರೆಂಟ್ ಎರಡು ದಾರಿಯಲ್ಲಿ ಬರುತ್ತದೆ: ಒಂದು ಬ್ಯಾಟರಿಯಿಂದ ಸದಾ ಇರುವುದು, ಇನ್ನೊಂದು ಕೀ ತಿರುಗಿಸಿದಾಗ ಮಾತ್ರ ಬರುವುದು. ಮೊದಲನೆಯದು ಅನೇಕ ಗಾಡಿಗಳಲ್ಲಿ ರೂಫ್ ಲೈಟಿನ ಫ್ಯೂಸಿನಲ್ಲೇ ಇರುತ್ತದೆ, ಎರಡನೆಯದು ಮೊಬೈಲ್ ಚಾರ್ಜರ್ ಸಿಕ್ಕಿಸುವ ಸಾಕೆಟ್‌ನ ಫ್ಯೂಸಿನಲ್ಲಿ. ಆದ್ದರಿಂದ ಸ್ಟೀರಿಯೋ ಜೊತೆ ಇನ್ನೇನು ಸತ್ತಿದೆ ಎಂದು ಗಮನಿಸಿದರೆ ಹುಡುಕುವ ಕೆಲಸ ಅರ್ಧ ಮುಗಿದಂತೆ. ಸೆಟ್ ಬೆನ್ನಿಗೂ ಬಹುತೇಕ 10 ಆಂಪ್ (ಕೆಂಪು) ಅಥವಾ 15 ಆಂಪ್ (ನೀಲಿ) ಫ್ಯೂಸ್ ಇರುತ್ತದೆ. ಸುಟ್ಟಿದ್ದರೆ ಅಷ್ಟೇ ಆಂಪಿನದನ್ನು ಹಾಕಿ. ತಂತಿ ಸುತ್ತಿ ಕೂರಿಸುವುದಾಗಲಿ, ದೊಡ್ಡ ಫ್ಯೂಸ್ ಹಾಕುವುದಾಗಲಿ ಬೇಡವೇ ಬೇಡ. ಆಗ ಫ್ಯೂಸಿನ ಬದಲು ಡ್ಯಾಶ್‌ಬೋರ್ಡಿನೊಳಗಿನ ವೈರ್ ಹೊತ್ತಿಕೊಳ್ಳುತ್ತದೆ.

ಗಾಡಿಯ ಫ್ಯೂಸ್ ಹಾಕಿದ ಕೂಡಲೇ ಮತ್ತೆ ಹಾರಿದರೆ ಸೆಟ್‌ನ ಕಪ್ಲರ್ (ವೈರ್‌ಗಳು ಸೇರುವ ಪ್ಲಗ್) ಎಳೆದು, ಹೊಸ ಫ್ಯೂಸ್ ಹಾಕಿ ನೋಡಿ. ಆಗಲೂ ಹಾರಿದರೆ ಶಾರ್ಟ್ ಇರುವುದು ಗಾಡಿ ವೈರಿನಲ್ಲಿ ಅಥವಾ ಅದೇ ಫ್ಯೂಸಿನ ಬೇರೆ ಸಾಮಾನಿನಲ್ಲಿ. ಫ್ಯೂಸ್ ಉಳಿದರೆ ಶಾರ್ಟ್ ಸೆಟ್‌ನಲ್ಲಿ. ಜಂಪ್ ಸ್ಟಾರ್ಟ್ ಮಾಡುವಾಗ ಪ್ಲಸ್ ಮೈನಸ್ ಅದಲುಬದಲಾಗಿದ್ದರೆ ಸೆಟ್ ಒಳಗಿನ ರಕ್ಷಣಾ ಡಯೋಡ್ ಶಾರ್ಟ್ ಆಗಿ ಹೀಗೆಯೇ ಫ್ಯೂಸ್ ಹಾರುತ್ತದೆ. ಡಯೋಡ್ ಸಣ್ಣ ಬೆಲೆಯ ಪಾರ್ಟ್, ಸೆಟ್ ಎಸೆಯಬೇಡಿ.

ಫ್ಯೂಸ್ ಎಲ್ಲ ಸರಿಯಿದ್ದರೆ ಸೆಟ್ ಹೊರತೆಗೆಯಬೇಕು. ಕಂಪನಿ ಸೆಟ್ ಆದರೆ ಬ್ಯಾಟರಿ ಕಳಚುವ ಮುಂಚೆ ಅದರ ಕೋಡ್ ನಿಮ್ಮ ಬಳಿ ಇದೆಯೇ ನೋಡಿಕೊಳ್ಳಿ. ಕೆಲವು ಸೆಟ್‌ಗಳು ಬ್ಯಾಟರಿ ತೆಗೆದರೆ ಕೋಡ್ ಹಾಕುವವರೆಗೂ ನಡೆಯುವುದಿಲ್ಲ. 10ನೇ ನಂಬರ್ ಸ್ಪ್ಯಾನರ್‌ನಿಂದ ಬ್ಯಾಟರಿಯ ಮೈನಸ್ ಕಳಚಿ, ಪ್ಯಾನಲ್‌ಅನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಿ. ಹಳದಿ ಬಣ್ಣದ ಕಪ್ಲರ್ ಕಂಡರೆ ಅದು ಏರ್‌ಬ್ಯಾಗಿನದು, ಮುಟ್ಟಬೇಡಿ. ಅಳೆಯುವ ಹೊತ್ತಿಗೆ ಮೈನಸ್ ಮತ್ತೆ ಜೋಡಿಸಿ.

ಹೊರಗಡೆ ಅಂಗಡಿಯಲ್ಲಿ ಕೂರಿಸಿದ ಸೆಟ್‌ಗಳಲ್ಲಿ ಹಳದಿ ವೈರ್ ಸದಾ 12 ವೋಲ್ಟಿನದು, ಕೆಂಪು ಎಸಿಸಿಯದು, ಕಪ್ಪು ಅರ್ಥ್ (ಮೈನಸ್). ಕಂಪನಿ ವೈರಿಂಗ್‌ನಲ್ಲಿ ಬಣ್ಣ ಬೇರೆ ಇರಬಹುದು, ಸೆಟ್ ಮೇಲಿನ ಸ್ಟಿಕ್ಕರ್ ನೋಡಿ.

ಇಲ್ಲಿ ಮಲ್ಟಿಮೀಟರ್ ಒಂದನ್ನೇ ನಂಬಿದರೆ ಮೋಸ ಹೋಗುತ್ತೀರಿ. ವೈರಿನೊಳಗೆ ಒಂದೇ ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಅದು ಕರೆಂಟ್ ಎಳೆಯುವುದು ತೀರಾ ಕಡಿಮೆ. ಸೆಟ್ ಎಳೆಯುತ್ತದೆ, ಆಗ ವೋಲ್ಟ್ ಕುಸಿಯುತ್ತದೆ. ಅದಕ್ಕೇ 12 ವೋಲ್ಟ್, 5 ವ್ಯಾಟಿನ ಪಾರ್ಕಿಂಗ್ ಬಲ್ಬಿಗೆ ಎರಡು ವೈರ್ ಬೆಸೆದು ಇಟ್ಟುಕೊಳ್ಳಿ. ಹಳದಿ ಮತ್ತು ಕಪ್ಪಿನ ನಡುವೆ ಬಲ್ಬ್ ಹಿಡಿಯಿರಿ. ಚೆನ್ನಾಗಿ ಉರಿಯಬೇಕು. ಆಮೇಲೆ ಕೀ ಹಾಕಿ ಕೆಂಪು ಮತ್ತು ಕಪ್ಪಿನ ನಡುವೆ. ಮಂದವಾಗಿ ಉರಿದರೆ ಬಲ್ಬಿನ ಕಪ್ಪು ಬದಿಯನ್ನು ಬಿಡಿಸಿ, ಬಣ್ಣವಿಲ್ಲದ ಬಾಡಿ ಬೋಲ್ಟಿಗೆ ತಾಗಿಸಿ. ಈಗ ಜೋರಾಗಿ ಉರಿದರೆ ತೊಂದರೆ ಅರ್ಥಿನಲ್ಲಿ: ಕಪ್ಪು ವೈರ್ ಬಾಡಿಗೆ ಸೇರುವ ಬೋಲ್ಟ್ ಬಿಚ್ಚಿ, ಎಮೆರಿ ಪೇಪರ್‌ನಿಂದ ಉಜ್ಜಿ, ಬಿಗಿ ಮಾಡಿ. ಆಗಲೂ ಮಂದವಿದ್ದರೆ ಪ್ಲಸ್ ವೈರನ್ನು ಫ್ಯೂಸ್ ಕಡೆಗೆ ಹಿಂಬಾಲಿಸಿ.

ಹಿಂಬಾಲಿಸುವಾಗ ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಟೇಪ್ ಸುತ್ತಿದ ಜಾಯಿಂಟ್. ಏಪ್ರಿಲ್, ಮೇ ಬಿಸಿಲಿಗೆ ಟೇಪಿನ ಅಂಟು ಕರಗಿ, ಸುತ್ತು ಸಡಿಲವಾಗಿ ಜಾರಿರುತ್ತದೆ. ಒಳಗೆ ತಾಮ್ರ ಕಪ್ಪಾಗಿ, ಹೊಸೆದ ಎಳೆಗಳು ಎಳೆದರೆ ಕೈಗೇ ಬರುತ್ತವೆ. ಮೈನಸ್ ಮತ್ತೆ ಕಳಚಿ, ಕಪ್ಪಾದದ್ದನ್ನು ಕತ್ತರಿಸಿ ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ (ಕಾಯಿಸಿದರೆ ಬಿಗಿಯಾಗಿ ಕೂರುವ ಕೊಳವೆ) ಏರಿಸಿ. ಟೇಪ್ ನಮ್ಮ ಬಿಸಿಲಿಗೆ ತಡೆಯುವುದಿಲ್ಲ. ಗಂಗಾವತಿ, ಸಿಂಧನೂರು ಕಡೆ ರೈಸ್ ಮಿಲ್ ಅಥವಾ ಗದ್ದೆ ಪಕ್ಕ ನಿಲ್ಲುವ ಗಾಡಿಯಾದರೆ ಇಲಿ ಹಲ್ಲಿನ ಗುರುತೂ ಹುಡುಕಿ. ಗ್ಲೋವ್ ಬಾಕ್ಸ್ ಹಿಂದೆ ಹಿಕ್ಕೆ, ಹೊಟ್ಟು ಕಂಡರೆ ವೈರ್ ಕಡಿದಿರುವ ಸಾಧ್ಯತೆ ಹೆಚ್ಚು.

ಮೂರೂ ವೈರ್ ಸರಿಯಿದ್ದೂ ಸೆಟ್ ಏಳದಿದ್ದರೆ ಸ್ಪೀಕರ್ ಕಪ್ಲರ್ ಮಾತ್ರ ಎಳೆದು ಆನ್ ಮಾಡಿ. ಐಎಸ್‌ಒ (ಒಂದೇ ಮಾದರಿಯ ಸ್ಟ್ಯಾಂಡರ್ಡ್) ಕಪ್ಲರ್ ಇದ್ದರೆ ಸ್ಪೀಕರಿನದು ಸಾಮಾನ್ಯವಾಗಿ ಕಂದು ಬಣ್ಣದ್ದು. ಬಾಗಿಲ ಒಳಗೆ ಸ್ಪೀಕರ್ ವೈರ್ ಬಾಡಿಗೆ ತಾಗಿದ್ದರೆ ಸೆಟ್ ತನ್ನನ್ನು ತಾನೇ ಬಂದ್ ಮಾಡಿಕೊಳ್ಳಬಹುದು. ಕಪ್ಲರ್ ತೆಗೆದಾಗ ಎದ್ದರೆ ಬಾಗಿಲ ರಬ್ಬರ್ ಕೊಳವೆಯಲ್ಲಿ ಹುಡುಕಿ.

ಕೊನೆಯ ಪರೀಕ್ಷೆ: ಸೆಟ್‌ಅನ್ನು ಪೂರ್ತಿ ಹೊರತೆಗೆದು ಹಳದಿ, ಕೆಂಪು ಎರಡನ್ನೂ ಸೇರಿಸಿ 10 ಆಂಪ್ ಫ್ಯೂಸ್ ಮೂಲಕ ಬ್ಯಾಟರಿ ಪ್ಲಸ್‌ಗೆ, ಕಪ್ಪನ್ನು ಮೈನಸ್‌ಗೆ ಕೊಡಿ. ಎದ್ದರೆ ತೊಂದರೆ ಗಾಡಿಯಲ್ಲಿ. ಏಳದಿದ್ದರೆ ಸೆಟ್ ರಿಪೇರಿಗೆ ಕೊಡಿ, ಕಪ್ಲರ್‌ಅನ್ನೂ ಜೊತೆಗೇ ಒಯ್ಯಿರಿ.