ಕಾನೂನು ಜರ್ನಲ್‌ಗೆ ಲೇಖನ ಬರೆಯುವುದು ಹೇಗೆ?

ಕಾನೂನು ಓದುವವರಿಗೆ, ಹೊಸ ವಕೀಲರಿಗೆ, ಕಾರ್ಮಿಕ ಸಂಘಟನೆಗಳಲ್ಲಿ ದುಡಿಯುವವರಿಗೆ ಒಳ್ಳೆಯ ಜರ್ನಲ್‌ನಲ್ಲಿ ತಮ್ಮ ಹೆಸರು ನೋಡುವ ಆಸೆ ಇರುತ್ತದೆ. ಆದರೆ ಎಷ್ಟೋ ಲೇಖನಗಳು ಸಂಪಾದಕರ ಮೊದಲ ಓದಿಗೇ ವಾಪಸ್ ಬರುತ್ತವೆ. ಭಾಷೆ ಚೆನ್ನಾಗಿದ್ದರೂ ಒಳಗೆ ಪ್ರಶ್ನೆಯೇ ಇರುವುದಿಲ್ಲ. ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ. ಉದಾಹರಣೆಗೆ ಆ್ಯಪ್ ಮೂಲಕ ಕೆಲಸ ಪಡೆದು ದುಡಿಯುವ ಗಿಗ್ ಕಾರ್ಮಿಕರಿಗಾಗಿ ನಮ್ಮದೇ ಕರ್ನಾಟಕ ಮಾಡಿದ 2025ರ ಕಾಯ್ದೆಯನ್ನು ಇಟ್ಟುಕೊಳ್ಳೋಣ.

ಒಂದು ಕಲಂ, ಒಂದು ಪ್ರಶ್ನೆ

‘ಗಿಗ್ ಕಾರ್ಮಿಕರ ಹಕ್ಕುಗಳು: ಒಂದು ಅಧ್ಯಯನ’ ಅಂತ ಹೊರಟರೆ ದಾರಿ ತಪ್ಪಿದಂತೆಯೇ. ಅದು ಒಂದು ಪುಸ್ತಕಕ್ಕೂ ಜಾಸ್ತಿಯಾಗುವ ವಿಷಯ. ಕಾಯ್ದೆಯ ಒಂದು ಕಲಂ ಹಿಡಿಯಿರಿ. ಕಾರ್ಮಿಕರಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಆ್ಯಪ್ ಕಂಪನಿಯಿಂದ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕ ಪಡೆಯಲು ನಮ್ಮ ಕಾಯ್ದೆ ಅವಕಾಶ ಕೊಡುತ್ತದೆ. ಕೇಂದ್ರದ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇಂಥ ಕಂಪನಿಗಳಿಂದ ದುಡ್ಡು ಕೇಳುತ್ತದೆ. ಅಲ್ಲಿ ಲೆಕ್ಕ ಬೇರೆ: ವಾರ್ಷಿಕ ವಹಿವಾಟಿನ ಶೇ 1ರಿಂದ 2. ಆದರೆ ಅದು ಕಾರ್ಮಿಕರಿಗೆ ಕೊಟ್ಟ ಮೊತ್ತದ ಶೇ 5 ದಾಟುವಂತಿಲ್ಲ.

ಅದೇ ಕಂಪನಿ, ಅದೇ ಕಾರ್ಮಿಕರು, ಎರಡು ವಸೂಲಿ. ಸಾಮಾಜಿಕ ಭದ್ರತೆ ಸಂವಿಧಾನದ ಸಮವರ್ತಿ ಪಟ್ಟಿಯ 23ನೇ ವಿಷಯ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯ. ಕೇಂದ್ರದ ಮತ್ತು ರಾಜ್ಯದ ಕಾನೂನುಗಳು ತಾಕಲಾಡಿದರೆ ಏನಾಗಬೇಕು ಎಂದು 254ನೇ ವಿಧಿ ಹೇಳುತ್ತದೆ. ಹಾಗಾದರೆ ಈ ಎರಡೂ ಒಟ್ಟಿಗೆ ನಿಲ್ಲುತ್ತವೆಯೇ? ಇದು ಪ್ರಶ್ನೆ. ಮಳೆಯಲ್ಲಿ ಊಟದ ಚೀಲ ಹೊತ್ತು ಓಡುವವರ ನೆರವಿನ ನಿಧಿಗೆ ಹಣ ಎಲ್ಲಿಂದ ಬರಬೇಕು ಅನ್ನುವುದು ಇದರ ಉತ್ತರಕ್ಕೆ ಅಂಟಿಕೊಂಡಿದೆ. ಅದಕ್ಕೇ ಇದು ಬರೆಯಲು ಯೋಗ್ಯ.

ಸುದ್ದಿ ಬಿಡಿ, ಮೂಲ ಓದಿ

ಪತ್ರಿಕೆಯ ವರದಿ ನೋಡಿ ಕಾಯ್ದೆಯ ಬಗ್ಗೆ ಬರೆಯಬೇಡಿ. ರಾಜ್ಯಪತ್ರದಲ್ಲಿ ಬಂದ ಪಠ್ಯ, ಮಸೂದೆಯ ಜೊತೆಗಿರುವ ಉದ್ದೇಶ ಮತ್ತು ಕಾರಣಗಳ ಹೇಳಿಕೆ, ಸದನದ ಚರ್ಚೆ, ಮೂರನ್ನೂ ಓದಿ. ಇಲ್ಲಿ ಕನ್ನಡ ಬಲ್ಲವರಿಗೆ ದೊಡ್ಡ ಅನುಕೂಲವಿದೆ. ಸದನದ ಮಾತನ್ನು ನೀವು ನೇರವಾಗಿ ಓದಬಲ್ಲಿರಿ. ಆದರೆ ಒಂದು ಎಚ್ಚರ: ಸಂವಿಧಾನದ 348(3)ನೇ ವಿಧಿಯಂತೆ ರಾಜ್ಯಪತ್ರದಲ್ಲಿ ಪ್ರಕಟವಾದ ಇಂಗ್ಲಿಷ್ ಪಠ್ಯವೇ ಅಧಿಕೃತ. ಕನ್ನಡ, ಇಂಗ್ಲಿಷ್ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ವ್ಯತ್ಯಾಸ ಕಂಡರೆ ಗುರುತು ಹಾಕಿಕೊಳ್ಳಿ, ಮುಂದಿನ ಲೇಖನ ಅಲ್ಲೇ ಇರಬಹುದು!

ಇಂಥ ಕಾಯ್ದೆ ಮೊದಲು ಮಾಡಿದ್ದು ರಾಜಸ್ಥಾನ, 2023ರಲ್ಲಿ. ಅದನ್ನೂ ಹೋಲಿಸಿ. ಸುಪ್ರೀಂ ಕೋರ್ಟ್ ತೀರ್ಪುಗಳು ಕೋರ್ಟಿನದೇ ಆನ್‌ಲೈನ್ ತೀರ್ಪು ಸಂಗ್ರಹವಾದ ಇ-ಎಸ್‌ಸಿಆರ್‌ನಲ್ಲಿ ಉಚಿತವಾಗಿ ಸಿಗುತ್ತವೆ.

ಸಾರಾಂಶ ಮೊದಲು

ಲೇಖನ ಬರೆಯುವ ಮುಂಚೆಯೇ ನಾಲ್ಕು ವಾಕ್ಯದ ಸಾರಾಂಶ ಬರೆದು ನೋಡಿ. ಹೀಗೆ: ‘ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ ಮತ್ತು ಕೇಂದ್ರ ಎರಡೂ ಆ್ಯಪ್ ಕಂಪನಿಗಳಿಂದ ಹಣ ಪಡೆಯುವ ಕಾನೂನು ಮಾಡಿವೆ. ಇವು ಒಂದಕ್ಕೊಂದು ವಿರುದ್ಧ ಎಂಬ ವಾದವಿದೆ. ವಸೂಲಿಯ ಆಧಾರ ಮತ್ತು ಹಣ ಬಳಸುವ ರೀತಿ ಬೇರೆಬೇರೆ ಆಗಿರುವುದರಿಂದ ಎರಡನ್ನೂ ಒಟ್ಟಿಗೆ ಪಾಲಿಸಬಹುದು ಎಂದು ಈ ಲೇಖನ ವಾದಿಸುತ್ತದೆ. ಅದಕ್ಕಾಗಿ 254ನೇ ವಿಧಿಯ ತೀರ್ಪುಗಳನ್ನು ಪರಿಶೀಲಿಸುತ್ತದೆ.’ ಮೂರನೇ ವಾಕ್ಯ ನೋಡಿದಿರಾ? ಅದು ನಿಮ್ಮ ನಿಲುವು. ಅದನ್ನು ಬರೆಯಲು ಆಗದಿದ್ದರೆ ಇನ್ನೂ ಓದಬೇಕು ಅಂತ ಅರ್ಥ. ಓದಿದ ಮೇಲೆ ನಿಲುವು ಬದಲಾದರೆ ಸಾರಾಂಶವನ್ನೂ ಬದಲಿಸಿ, ಸಂಕೋಚ ಬೇಡ.

ಅಡಿಟಿಪ್ಪಣಿಯನ್ನು ಆಮೇಲೆ ಹಾಕೋಣ ಅಂತ ಬಿಡಬೇಡಿ, ವಾಕ್ಯ ಬರೆದಾಗಲೇ ಹಾಕಿ. ಮೂಲಗಳನ್ನು ಉಲ್ಲೇಖಿಸುವ ಕ್ರಮ ಬ್ಲೂಬುಕ್ ಶೈಲಿಯೋ ಆಸ್ಕೋಲಾವೋ ಎಂದು ಜರ್ನಲ್ ಹೇಳುತ್ತದೆ. ಪ್ರತಿ ತೀರ್ಪನ್ನೂ ನೀವೇ ತೆರೆದು ನೋಡಿರಬೇಕು. ಚಾಟ್‌ಜಿಪಿಟಿ ಹುಟ್ಟಿಸಿದ, ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ್ದಕ್ಕೆ 2023ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ಕೋರ್ಟ್ ವಕೀಲರಿಗೆ 5,000 ಡಾಲರ್ ದಂಡ ಹಾಕಿತ್ತು.

ದುಡ್ಡು ಕೇಳುವವರ ಬಗ್ಗೆ ಹುಷಾರು

ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಿಂದ ‘ನ್ಯಾಷನಲ್ ಲಾ ಸ್ಕೂಲ್ ಆಫ್ ಇಂಡಿಯಾ ರಿವ್ಯೂ’, ‘ಸೋಶಿಯೋ-ಲೀಗಲ್ ರಿವ್ಯೂ’ ಬರುತ್ತವೆ. ಎರಡನ್ನೂ ವಿದ್ಯಾರ್ಥಿಗಳೇ ನಡೆಸುತ್ತಾರೆ. ಸಾರ್ವಜನಿಕ ನೀತಿಯ ಕಡೆ ವಾಲುವ ಬರಹಕ್ಕೆ ಮುಂಬೈನ ‘ಎಕನಾಮಿಕ್ ಆ್ಯಂಡ್ ಪೊಲಿಟಿಕಲ್ ವೀಕ್ಲಿ’ ಇದೆ.

ಇನ್ನೊಂದು ಕಡೆ ವಾಟ್ಸ್‌ಆ್ಯಪ್‌ನಲ್ಲಿ ಬರುವ ಆಹ್ವಾನಗಳು: ‘ಮೂರು ದಿನದಲ್ಲಿ ಪ್ರಕಟಣೆ, ಪ್ರಮಾಣಪತ್ರ ಸಹಿತ’. ಇವು ಬಡ ಕುಟುಂಬಗಳಿಂದ ಬಂದ ವಿದ್ಯಾರ್ಥಿಗಳ ಜೇಬಿಗೆ ಕೈ ಹಾಕುತ್ತವೆ. ನೋಡಿದರೆ ಸಂಕಟವಾಗುತ್ತದೆ. ಐಎಸ್‌ಎಸ್‌ಎನ್ ಇದೆ ಅಂತ ನಂಬಬೇಡಿ. ಅದು ಗುರುತಿನ ಸಂಖ್ಯೆ ಅಷ್ಟೇ, ಗುಣಮಟ್ಟಕ್ಕೆ ಸಾಕ್ಷಿಯಲ್ಲ. ಯುಜಿಸಿ ತಾನು ಒಪ್ಪಿದ ಜರ್ನಲ್‌ಗಳ ‘ಕೇರ್’ ಪಟ್ಟಿಯನ್ನೂ 2025ರಲ್ಲಿ ನಿಲ್ಲಿಸಿತು. ಹಾಗಾಗಿ ಪರಿಶೀಲನೆ ಈಗ ನಮ್ಮ ತಲೆ ಮೇಲೆ. ಹಳೆಯ ಎರಡು ಸಂಚಿಕೆ ಪೂರ್ತಿ ಓದಿ. ಸಂಪಾದಕ ಮಂಡಳಿಯಲ್ಲಿರುವವರು ತಮ್ಮ ಕಾಲೇಜಿನ ಪುಟದಲ್ಲಿ ಅದನ್ನು ಹೇಳಿಕೊಂಡಿದ್ದಾರಾ ನೋಡಿ. ಬಂದ ಲೇಖನಗಳ ಪರಿಶೀಲನೆಯನ್ನು ಯಾರು, ಹೇಗೆ ಮಾಡುತ್ತಾರೆ ಎಂಬುದನ್ನು ಜರ್ನಲ್ ಬರೆದಿರಬೇಕು.

ಕಳಿಸುವುದು, ಕಾಯುವುದು

ಸಾಮಾನ್ಯವಾಗಿ ಲೇಖಕರ ಹೆಸರು ಪರಿಶೀಲಕರಿಗೆ ಗೊತ್ತಾಗದಂತೆ ಪರಿಶೀಲನೆ ನಡೆಯುವುದರಿಂದ ಕಡತದೊಳಗೂ, ಕಡತದ ಪ್ರಾಪರ್ಟೀಸ್‌ನಲ್ಲೂ ನಿಮ್ಮ ಹೆಸರು ಅಳಿಸಿ. ಜರ್ನಲ್ ಒಪ್ಪದಿದ್ದರೆ ಒಂದೇ ಹೊತ್ತಿಗೆ ಎರಡು ಕಡೆ ಕಳಿಸಬೇಡಿ. ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.

ಪರಿಶೀಲಕರ ಟಿಪ್ಪಣಿ ಖಾರವಾಗಿಯೇ ಇರುತ್ತದೆ. ಓದಿ ಒಂದು ದಿನ ಬಿಟ್ಟು ಕೂತುಕೊಳ್ಳಿ. ಉತ್ತರಕ್ಕೆ ಒಂದು ಪಟ್ಟಿ ಮಾಡಿ: ಎಡಗಡೆ ಅವರ ಮಾತು, ಬಲಗಡೆ ನೀವು ಏನು ಬದಲಿಸಿದಿರಿ, ಯಾವ ಪುಟದಲ್ಲಿ. ಒಪ್ಪದ ಮಾತಿಗೆ ಕಾರಣ ಬರೆಯಿರಿ, ಸುಮ್ನೆ ಬಿಡಬೇಡಿ. ಪ್ರಕಟವಾದ ಮೇಲೆ ಜರ್ನಲ್‌ನ ನಿಯಮ ಒಪ್ಪಿದರೆ ಒಂದು ಪ್ರತಿಯನ್ನು ಸಂಶೋಧನಾ ಲೇಖನಗಳ ಜಾಲತಾಣವಾದ ಎಸ್‌ಎಸ್‌ಆರ್‌ಎನ್‌ನಲ್ಲಿ ಹಾಕಿ, ಎರಡು ಪುಟದ ಕನ್ನಡ ಸಾರವನ್ನು ಗಿಗ್ ಕಾರ್ಮಿಕರ ಸಂಘಕ್ಕೂ ಕಾರ್ಮಿಕ ಇಲಾಖೆಗೂ ಕಳಿಸಿ.